ಶುಕ್ರವಾರ ಬರುತ್ತಿದ್ದ ಗಿಟಾರ್

2004ರ ಆಗಸ್ಟ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಬಾಣಸವಾಡಿಯ ನಮ್ಮ ಮನೆಯ ಹಜಾರ. ಹಾಜರಿದ್ದವರು ನಾನು, ನನ್ನ ತಮ್ಮ, ಅವನ ಹಳೆಯ ತಂಡದ ಡ್ರಮ್ಮರ್. ತಂಡದ ಹಾಡುಗಾರ ಕಾಮಾಲೆಯಾಗಿ ತೀರಿಕೊಂಡು ಹದಿನಾಲ್ಕು ದಿನವಾಗಿತ್ತು. ಅವನ ಗಿಟಾರ್ ಮಾತ್ರ ಕಪ್ಪು ಚೀಲದೊಳಗೆ ನಮ್ಮ ಗೋಡೆಗೆ ಒರಗಿಕೊಂಡಿತ್ತು.

ಹೀಗೆ ಗಂಟೆ, ಹಾಜರಿ ಬರೆದುಕೊಳ್ಳುವುದು ನನಗೆ ಕೆಲಸದಿಂದ ಅಂಟಿದ್ದು. ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ತಪಾಸಣೆ ವಿಭಾಗದಲ್ಲಿದ್ದೆ. ಅಲ್ಲಿ ಪ್ರತಿಯೊಂದು ಬಿಡಿಭಾಗದ ಜೊತೆಗೂ ಒಂದು ಚೀಟಿ ಹೋಗುತ್ತಿತ್ತು. ಕತ್ತರಿಸಿದವನು, ಕೊರೆದವನು, ಉಜ್ಜಿದವನು, ತಾನು ಮಾಡಿದ ಕೆಲಸದ ಎದುರು ಮಾತ್ರ ಸಹಿ ಹಾಕಬೇಕು. ಆ ದಿನ ನಾವು ಕೂತದ್ದೂ ಅಂಥದೇ ಚೀಟಿ ತುಂಬಲು. ಶಿವಾಜಿನಗರದ ಒಂದು ಕ್ಯಾಸೆಟ್ ಕಂಪನಿಯವರು ತಂಡದ ಹನ್ನೊಂದು ಹಾಡುಗಳನ್ನು ಸಿ.ಡಿ. ಮಾಡಿ ತರುವವರಿದ್ದರು. ಯಾವ ಹಾಡಿನ ಮಾತು ಯಾರದು, ರಾಗ ಯಾರದು ಎಂದು ಸಂಜೆಯೊಳಗೆ ಬರೆದುಕೊಡಿ ಅಂದಿದ್ದರು. ಬರೆದುಕೊಟ್ಟದ್ದೇ ಅಚ್ಚಾಗುತ್ತದೆ. ತಮ್ಮನ ಹೆಸರು ಎಲ್ಲಿಯಾದರೂ ಅಚ್ಚಾಗುವುದಿದ್ದರೆ ಇದೊಂದೇ ಅವಕಾಶ. ಹಾಗಾಗಿ ನಾನು ಅಡಿಪಟ್ಟಿ ಇಟ್ಟು ಗೆರೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೆ.

"ಅಕ್ಕಾ, ನೀವೇ ಹೇಳಿ," ಅಂದ ಡ್ರಮ್ಮರ್. ಹಲಸೂರಿನವನು, ದನಿ ಯಾವಾಗಲೂ ಜೋರು. "ಸ್ವಂತ ಗಿಟಾರ್ ಟ್ಯೂನ್ ಮಾಡ್ಕೊಳ್ಳೋಕೆ ಬರ್ದೇ ಇರೋನು ಎಂಥ ರಾಕ್ ಸ್ಟಾರು? ಗೊತ್ತಿದ್ದಿದ್ದೇ ನಾಕು ಕಾರ್ಡ್ಸು. ಅದ್ರಲ್ಲೂ ಒಂದು ತಪ್ಪು."

"ನಾಕಲ್ಲ ಮಗಾ, ಐದು," ಅಂದ ತಮ್ಮ. "ಐದನೇದು ನಾನೇ ಹೇಳ್ಕೊಟ್ಟೆ. ಆರು ತಿಂಗಳು ಹಿಡೀತು."

ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಗೋಡೆಯ ಕಡೆ ನೋಡಲಿಲ್ಲ.

ಟ್ಯೂನ್ ಮಾಡಲು ಬಾರದ್ದು ನಿಜ. ಹತ್ತು ವರ್ಷ ಆ ಗಿಟಾರ್ ಪ್ರತಿ ಶುಕ್ರವಾರ ಸಂಜೆ ಐದಕ್ಕೆ ನಮ್ಮ ಮನೆಗೆ ಬರುತ್ತಿತ್ತು. ತಮ್ಮ ತಂತಿ ಬದಲಿಸಿ, ಶ್ರುತಿ ಕೂಡಿಸಿ ಇಡುತ್ತಿದ್ದ. ಶನಿವಾರ ಹಾಡುಗಾರ ಬಂದು, ನನ್ನ ಕೈಯ ಕಾಫಿ ಕುಡಿದು, ಅದನ್ನು ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ. ಸಂಜೆ ವೇದಿಕೆಯ ಮೇಲೆ ಅವನನ್ನು ನೋಡಲು ಇಂದಿರಾನಗರದ ಹುಡುಗರೆಲ್ಲ ಸೇರುತ್ತಿದ್ದರು.

ಒಮ್ಮೆ ಪತ್ರಿಕೆಯೊಂದರಲ್ಲಿ ಅವನ ಫೋಟೊ ಬಂತು. ಹಾಡು, ಸಂಗೀತ ಎರಡಕ್ಕೂ ಅವನೊಬ್ಬನದೇ ಹೆಸರು. ಊಟಕ್ಕೆ ಕೂತಾಗ ನಾನು ತಮ್ಮನಿಗೆ ಅಂದೆ: "ಮಾಡೋನು ನೀನು, ಸಹಿ ಅವನದು. ನಮ್ಮ ಕಾರ್ಖಾನೇಲಿ ಆಗಿದ್ರೆ ಮೆಮೊ ಕೊಡ್ತಿದ್ವಿ. ಕಳ್ಳತನಕ್ಕೆ ಬೇರೆ ಹೆಸರಿದ್ಯಾ?" ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ನಾನು. ನನ್ನ ಮಾತಿಗೆ ಅವನು ಎದುರಾಡುವುದಿಲ್ಲ. ಮುಂದಿನ ವಾರ ತಂಡ ಬಿಟ್ಟ. ಕಲ್ಯಾಣ ನಗರದಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡಲು ಸೇರಿದ.

ಆಮೇಲಿನ ಎರಡು ವರ್ಷ ಅವರಿಬ್ಬರ ನಡುವೆ ಮಾತಿಲ್ಲ. ಆದರೆ ಗಿಟಾರ್ ಬರುವುದು ನಿಲ್ಲಲಿಲ್ಲ. ಶುಕ್ರವಾರ ಐದಕ್ಕೆ ಹಲಸೂರಿನ ಆಟೋದವನೊಬ್ಬ ತಂದಿಟ್ಟು ಹೋಗುತ್ತಿದ್ದ, ಶನಿವಾರ ಆ ಆಟೋದವನೇ ಒಯ್ಯುತ್ತಿದ್ದ. ತಮ್ಮ ತಪ್ಪದೆ ಶ್ರುತಿ ಮಾಡಿಡುತ್ತಿದ್ದ. ಒಂದು ಚೀಟಿ ಕೂಡ ಒಳಗಿಡುತ್ತಿರಲಿಲ್ಲ. ಆ ಎರಡು ವರ್ಷದಲ್ಲಿ ಇಬ್ಬರಿಂದಲೂ ಒಂದೂ ಹೊಸ ಹಾಡು ಬರಲಿಲ್ಲ.

ಊಟದ ಹೊತ್ತಿಗೆ ಹತ್ತು ಹಾಡು ಮುಗಿದವು. ಮಾತು ಹಾಡುಗಾರನದು, ರಾಗ ತಮ್ಮನದು. ಉಳಿದದ್ದು ಎಲ್ಲರ ಬಾಯಲ್ಲೂ ಇದ್ದ ಆ ಒಂದು ಹಾಡು.

"ಇದು ಪೂರಾ ನಿಂದೇ ಮಚ್ಚಾ. ಬರೀರಿ ಅಕ್ಕಾ," ಅಂದ ಡ್ರಮ್ಮರ್.

ತಮ್ಮ ಎದ್ದುಹೋಗಿ ಬೀರುವಿನಿಂದ ಒಂದು ಹಳೆಯ ಕ್ಯಾಸೆಟ್ ತಂದು ಟೇಪ್ ರೆಕಾರ್ಡರಿಗೆ ಹಾಕಿದ. ಮೊದಲೆಲ್ಲ ಅವರು ಭಾನುವಾರ ನಮ್ಮ ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದರು. ನಾಲ್ಕರಿಂದ ಆರು, ಅದು ನನ್ನ ಕಟ್ಟಪ್ಪಣೆ. ಅಂಥ ಒಂದು ಭಾನುವಾರದ ಕ್ಯಾಸೆಟ್ ಅದು.

ಮೊದಲು ತಮ್ಮ ಒಬ್ಬನೇ ನುಡಿಸಿದ್ದು ಕೇಳಿಸಿತು. ಆರೇಳು ನಿಮಿಷ, ಎಲ್ಲವೂ ಚೆಂದ. ಆಮೇಲೆ ಸತ್ತವನ ದನಿ ನಮ್ಮ ಹಜಾರದಲ್ಲಿ ಮಾತಾಡಿತು.

"ಚೆನ್ನಾಗಿದೆ ಮಗಾ. ಆದ್ರೆ ಇದ್ರಲ್ಲಿ ಮೂರು ಹಾಡಿದೆ. ನಂಗೊಂದು ಸಾಕು."

"ಯಾವ್ದು?"

"ಮಧ್ಯದಲ್ಲಿ ತಪ್ಪು ಮಾಡ್ದಲ್ಲ, ಅದು."

"ಅದು ಬೆರಳು ಜಾರಿದ್ದು ಗುರು!"

"ಜಾರಿದ್ದನ್ನೇ ಮತ್ತೆ ನುಡ್ಸು."

ತಮ್ಮ ನುಡಿಸಿದ. ಬೇಡ, ಅಂದ ಅವನು. ಇನ್ನೊಂದು ರೀತಿ ನುಡಿಸಿದ. ಇದೂ ಬೇಡ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಕೊನೆಗೊಮ್ಮೆ ಅವನು ಬೇಡ ಅನ್ನದೆ ಮೆಲ್ಲಗೆ ಗುನುಗತೊಡಗಿದ, ನಮಗೆಲ್ಲ ಗೊತ್ತಿದ್ದ ಆ ಹಾಡು ಅಲ್ಲಿ ಹುಟ್ಟಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನನ್ನದೇ ದನಿ.

"ಆರು ಗಂಟೆ ಆಯ್ತು. ಎಲ್ಲಾ ಎತ್ತಿಡಿ."

"ಅಕ್ಕಾ, ಇನ್ನೊಂದೇ ಒಂದು ಸಲ. ಪ್ಲೀಸ್ ಅಕ್ಕಾ." ಹಾಡುಗಾರನ ದನಿ.

"ಆರು ಅಂದ್ರೆ ಆರು."

ಕ್ಯಾಸೆಟ್ ಅಲ್ಲಿಗೆ ನಿಂತಿತು.

ತಮ್ಮ ತಲೆ ತಗ್ಗಿಸಿಯೇ ಹೇಳಿದ: "ತಂಡ ಬಿಟ್ಮೇಲೆ ನಾನು ದಿನಾ ನುಡಿಸ್ತಿದ್ದೆ ಅಕ್ಕ. ನೀನೂ ಕೇಳಿದೀಯ. ಎಲ್ಲಾ ಚೆನ್ನಾಗೇ ಕೇಳ್ಸುತ್ತೆ. ಬೇಡ ಅನ್ನೋರೇ ಇರ್ಲಿಲ್ಲ."

ನಾನು ಪೆನ್ನು ಹಿಡಿದು ಕೂತೇ ಇದ್ದೆ. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ಬಿಡಿಭಾಗ ತಯಾರಾಗಿರಲಿಲ್ಲ. ಬೇರೆಯವರು ಮಾಡಿದ್ದನ್ನು ಅಳೆದು ನೋಡಿ, ಇದು ಆಗುತ್ತದೆ, ಇದು ಬೇಡ ಎಂದು ಬೇರೆ ಇಡುವುದಷ್ಟೇ ನನ್ನ ಕೆಲಸ. ನನ್ನ ಸಹಿ ಇಲ್ಲದೆ ಒಂದು ಸ್ಕ್ರೂ ಕೂಡ ಗೇಟು ದಾಟುತ್ತಿರಲಿಲ್ಲ, ಅದಕ್ಕೆ ನನಗೆ ಜಂಬವೂ ಇತ್ತು. ನೀನು ಏನು ಮಾಡಿದೆ ಎಂದು ಯಾರಾದರೂ ಕೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಅದೇ ಕೆಲಸ ಮಾಡಿದವನನ್ನು ನನ್ನ ಊಟದ ಮೇಜಿನಲ್ಲಿ ಕಳ್ಳ ಅಂದಿದ್ದೆ.

ಹನ್ನೊಂದನೆಯ ಸಾಲಿನಲ್ಲಿ, ರಾಗ ಎಂಬಲ್ಲಿ, ಮೊದಲು ಅವನ ಹೆಸರು ಬರೆದೆ. ಪಕ್ಕದಲ್ಲಿ ತಮ್ಮನದು.

"ಏನಕ್ಕಾ ಇದು," ಡ್ರಮ್ಮರ್ ಬಗ್ಗಿ ನೋಡಿದ. "ಕೈಯಾರೆ ನಿಮ್ಮ ತಮ್ಮನ್ನೇ ಹಿಂದಕ್ಕೆ ಹಾಕ್ತೀರಾ? ನನ್ ಪ್ರಕಾರ ಇದು ಅನ್ಯಾಯ."

"ಇರ್ಲಿ ಬಿಡು ಮಗಾ," ಅಂದ ತಮ್ಮ. ಡ್ರಮ್ಮರ್ ಗೊಣಗುತ್ತಲೇ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಮೂರು ಗಂಟೆಗೆ ಶಿವಾಜಿನಗರದ ಬಸ್ಸು ಹಿಡಿದ. ಅವನು ಹೇಳಿದ್ದೇ ಸರಿಯಿತ್ತೇನೋ. ನನಗೆ ಇವತ್ತಿಗೂ ಖಚಿತವಿಲ್ಲ.

ಇನ್ನೊಂದು ಕೆಲಸ ಬಾಕಿಯಿತ್ತು. ಆ ಗಿಟಾರ್ ಹಾಡುಗಾರ ಆಸ್ಪತ್ರೆ ಸೇರುವುದಕ್ಕೆ ಹಿಂದಿನ ಶುಕ್ರವಾರ ಬಂದದ್ದು. ಒಯ್ಯಲು ಯಾರೂ ಬಂದಿರಲಿಲ್ಲ. ಫೋಟೊದ ಪಕ್ಕ ಇಟ್ಟುಕೊಳ್ಳುತ್ತೇನೆ, ತಂದುಕೊಡಿ ಎಂದು ಅವನ ತಾಯಿ ಹೇಳಿಕಳಿಸಿದ್ದರು. ತಮ್ಮ ಅದನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ನುಡಿಸುತ್ತಾನೆ ಅಂದುಕೊಂಡೆ. ಅವನು ಒಂದೊಂದೇ ಕೀಲಿ ತಿರುಗಿಸಿ ತಂತಿ ಸಡಿಲಿಸುತ್ತಾ ಹೋದ.

"ನುಡಿಸೋರಿಲ್ದೇ ಬಿಗಿಯಾಗಿಟ್ರೆ ಮರ ಬಾಗುತ್ತೆ," ಅಂದ.

ಆರು ತಂತಿ. ಒಂದೊಂದರ ದನಿಯೂ ಇಳಿದು ಇಳಿದು ಬರೀ ಕಂಪನವಾಗಿ ನಿಂತಿತು. ನಾನು ಚೀಲದ ಬಾಯಿ ಹಿಡಿದುಕೊಂಡೆ.

ಹಲಸೂರಿನಲ್ಲಿ ಹಾಡುಗಾರನ ಒಂದೂವರೆ ಕೋಣೆಯ ಮನೆಯಲ್ಲಿ ಫೋಟೊದ ಪಕ್ಕ ಮೊಳೆ ಹೊಡೆದು ತಯಾರಿತ್ತು. ಅವನ ತಾಯಿ ಚೀಲದ ಮೇಲೆ ಕೈಯಾಡಿಸಿ, ಹತ್ತು ವರ್ಷದ ರೂಢಿಯಂತೆ ಕೇಳಿದರು: "ಟ್ಯೂನ್ ಮಾಡಿದ್ಯಾ ಕಣ್ಣಾ?"

"ಮಾಡಿದೀನಮ್ಮಾ," ಅಂದ ತಮ್ಮ.

ಸ್ಟೂಲು ಹತ್ತಿ ಗಿಟಾರನ್ನು ಮೊಳೆಗೆ ತೂಗುಹಾಕಿ, ಓರೆಯಾಗಿದ್ದುದನ್ನು ಸರಿಮಾಡಿ ಇಳಿದ. ಗಂಟೆ ಆರೂ ಹತ್ತು.