ಬೀಗ ಹಾಕಿದ ಮನೆಯ ಸಿಗ್ನಲ್

ಹಳೇ ಲ್ಯಾಪ್‌ಟಾಪಿನ ಬ್ಯಾಗಿನ ಜಿಪ್ ಎಳೆದ ಕೂಡಲೇ ಲೋಬಾನದ ವಾಸನೆ ಮೂಗಿಗೆ ಬಡಿಯಿತು. ಕೆಟ್ಟ ಎಲೆಕ್ಟ್ರಾನಿಕ್ ಸಾಮಾನು ತಗೊಂಡು ಹೋಗುವ ಗಾಡಿ ಇವತ್ತು ನಮ್ಮ ಬೀದಿಗೆ ಬರುತ್ತೆ ಅಂತ ಅಟ್ಟದಿಂದ ಎಲ್ಲಾ ಇಳಿಸಿಕೊಂಡು ಕೂತಿದ್ದೆ. ಬ್ಯಾಗಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಲೋಬಾನದ ಹರಳು ಇನ್ನೂ ಹಾಗೇ ಇತ್ತು. ‘ಇದೊಂದು ಇರಲಿ ಅಕ್ಕ, ಹುಳ ಬರುದಿಲ್ಲ’ ಅಂತ ಅದನ್ನು ಹಾಕಿಕೊಟ್ಟವರು ಮಸ್ಕತ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದವರು. ಮೈಸೂರಿನ ಮಟಮಟ ಮಧ್ಯಾಹ್ನದಲ್ಲಿ ಕೂತಿದ್ದರೂ ನನ್ನ ಮೈ ಜುಮ್ಮೆಂದಿತು...

ತೈಲದ ಬೆಲೆ ನೆಲ ಕಚ್ಚಿದ ವರ್ಷಗಳು ಅವು. ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆ ಖಾಲಿಯಾಗುತ್ತಿತ್ತು. ಕಸದ ತೊಟ್ಟಿಯ ಪಕ್ಕ ಮಂಚ, ಸೋಫಾ, ಮಕ್ಕಳ ಸೈಕಲ್ಲು ಬಿಸಿಲಲ್ಲಿ ಬಿದ್ದಿರುತ್ತಿದ್ದವು. ನಮ್ಮ ಯಜಮಾನರಿಗೂ ಎರಡು ತಿಂಗಳ ನೋಟಿಸ್ ಬಂತು. ಮೊದಲು ಮನೆಯ ಇಂಟರ್ನೆಟ್ ತೆಗೆಸಿದೆವು. ಆಫೀಸಿನ ಲ್ಯಾಪ್‌ಟಾಪ್ ವಾಪಸ್ ಕೊಡಬೇಕಿತ್ತಲ್ಲ, ಹೊಸ ಕೆಲಸಕ್ಕೆ ಅರ್ಜಿ ಹಾಕೋದು ಹೇಗೆ? ಅಂಗಡಿಯಲ್ಲಿದ್ದ ಅತೀ ಅಗ್ಗದ್ದನ್ನು ಹೊತ್ತು ತಂದೆವು. ಅಯ್ಯೋ, ಅದನ್ನು ಆನ್ ಮಾಡಿ ಕಾಫಿ ಬೆರೆಸಿಕೊಂಡು ಬಂದರೂ ಅದಿನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ!

ಎದುರು ಮನೆಯವರು ಉಡುಪಿ ಕಡೆಯವರು, ಮನೆಮಾತು ತುಳು. ಐವತ್ತು ದಾಟಿದ ಒಂಟಿ ಜೀವ. ಯಾವುದೋ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ಊರಲ್ಲಿ ಒಬ್ಬಳು ತಂಗಿ ಬಿಟ್ಟರೆ ಯಾರೂ ಇರಲಿಲ್ಲ. ನಾನು ಏನಾದರೂ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟರೆ, ತೊಳೆದು ಒರೆಸಿ, ಒಂದು ಚಮಚ ಸಕ್ಕರೆಯಾದರೂ ಹಾಕಿ ವಾಪಸ್ ಕೊಡುತ್ತಿದ್ದರು. ಖಾಲಿ ಡಬ್ಬಿ ಕೊಡಬಾರದು ಅನ್ನೋದು ನಮ್ಮಲ್ಲೂ ಇದೆ, ಆದರೆ ಇವರಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ಲ್ಯಾಪ್‌ಟಾಪ್ ನೋಡಿ, ‘ಎಂತ ಮಾರಾಯ್ರೆ, ಇಷ್ಟೆಲ್ಲ ತುಂಬಿಸಿ ಕೊಟ್ಟಿದ್ದಾರೆ’ ಅಂತ ನಕ್ಕರು. ಯಾರೂ ಕೇಳದ ಆಟಗಳು, ಶಾಪಿಂಗ್ ಚಿತ್ರಗಳು, ಎರಡು ನಿಮಿಷಕ್ಕೊಮ್ಮೆ ಹೆದರಿಸುವ ಮೂವತ್ತು ದಿನದ ಆಂಟಿವೈರಸ್. ಒಂದೊಂದನ್ನೇ ತೆಗೆಯುತ್ತಾ ಹೋದರು. ಆದರೆ ಪ್ರತಿಯೊಂದಕ್ಕೂ ಮೂರು ಸಲ ಕೇಳೋರು. ‘ಇದು ಬೇಕಾ ಅಕ್ಕ? ಬೇಡ್ವಾ? ಖಂಡಿತ ಬೇಡ್ವಾ?’ ನನಗೋ ಒಲೆ ಮೇಲೆ ಹುಳಿ ಕುದೀತಿತ್ತು. ‘ತೆಗೀರಿ ಅಂದ್ರೆ ತೆಗೀರಿ ಮಹಾರಾಯ್ರೆ’ ಅಂದೆ. ಅವರು ತಲೆ ಅಲ್ಲಾಡಿಸಿದರು. ‘ಹಾಗಲ್ಲ ಅಕ್ಕ. ನಮಗೆ ಬೇಡ ಅಂತ ಕಂಡದ್ದರ ಮೇಲೆ ಬೇರೆ ಎಂತದೋ ನಿಂತಿರ್ತದೆ.’ ಹೇಳಿ ಬಾಯಿ ಮುಚ್ಚಿರಲಿಲ್ಲ, ಯಾವುದೋ ಒಂದನ್ನು ತೆಗೆದದ್ದೇ ವೈಫೈ ಪೂರಾ ಮಾಯ. ಅದನ್ನು ವಾಪಸ್ ತರುವುದಕ್ಕೆ ಒಂದು ಗಂಟೆ ಹಿಡಿಯಿತು.

ನಮ್ಮಲ್ಲಿ ಕನೆಕ್ಷನ್ ಇರಲಿಲ್ಲವಲ್ಲ, ತಮ್ಮ ವೈಫೈಯನ್ನೇ ಹಾಕಿಕೊಟ್ಟರು. ಅದರ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ, ‘ಒಳಗೆ ಬನ್ನಿ’. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಆದರೆ ಎರಡು ಗೋಡೆ ದಾಟಿ ಬರುವಷ್ಟರಲ್ಲಿ ಅದು ಸೊರಗಿ ಹೋಗುತ್ತಿತ್ತು. ಯಜಮಾನರು ಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು ಅರ್ಜಿ ತುಂಬಬೇಕಿತ್ತು. ‘ಸರಿ ಮಾಡ್ತೇನೆ’ ಅಂತ ಮಾರನೇ ದಿನವೂ ಬಂದರು. ಅದೇನೋ ಅಪ್‌ಡೇಟ್ ಗಂಟೆಗಟ್ಟಲೆ ನಡೀತಿತ್ತು. ಅವರನ್ನು ಮನೆಯಲ್ಲೇ ಬಿಟ್ಟು ಮಗಳನ್ನು ಸ್ಕೂಲಿಂದ ಕರೆತರಲು ಹೋದೆ. ವಾಪಸ್ ಬಂದಾಗ ಅವರು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದರು, ಹೆಗಲ ಮೇಲೆ ಧೂಳಿತ್ತು. ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಐದಕ್ಕೆ ಐದು ಗೆರೆ! ಏನು ಮಾಡಿದಿರಿ ಅಂದರೆ ‘ಎಂತ ಇಲ್ಲ’ ಅಂತ ನಕ್ಕುಬಿಟ್ಟರು. ಲ್ಯಾಪ್‌ಟಾಪ್ ಮಗುಚಿ, ಕೆಳಗೆ ತಮ್ಮ ಊರಿನ ನಂಬರ್ ಬರೆದ ಚೀಟಿ ಅಂಟಿಸಿ ಹೋದರು. ಏನಾದರೂ ತೊಂದರೆಯಾದರೆ ಫೋನ್ ಮಾಡಿ ಅಂದರು.

ಅಷ್ಟರಲ್ಲಿ ಅವರ ಕೆಲಸವೇ ಹೋಗಿತ್ತು. ಅದನ್ನು ತಿಂಗಳಾದ ಮೇಲೆ, ಟಿಕೆಟ್ ಬಂದ ಮೇಲೆ ಹೇಳಿದರು. ‘ಶುಕ್ರವಾರ ಹೊರಡುದು. ಊರಿಗೆ ಹೋಗಿ ಹೊಟ್ಟೆಯೊಂದು ತೋರಿಸಬೇಕು’ ಅಂದರು. ಆ ಶುಕ್ರವಾರ ನಾವು ಬರ್ಕಾಕ್ಕೆ ಹೋಗಿದ್ದೆವು. ಅವರ ನೆಟ್‌ನಿಂದಲೇ ಹಾಕಿದ ಅರ್ಜಿಗೆ ಅಲ್ಲಿ ಕೆಲಸ ಸಿಕ್ಕಿತ್ತು, ಮನೆಗಿನೆ ನೋಡಿಕೊಂಡು ಬರೋಣ ಅಂತ. ವಾಪಸ್ ಬಂದಾಗ ಎದುರು ಮನೆಗೆ ಬೀಗ. ಅವರು ಹೋದದ್ದನ್ನು ನಾವು ಕಣ್ಣಾರೆ ನೋಡಲಿಲ್ಲ.

ಮೂರನೇ ದಿನ ಇಂಟರ್ನೆಟ್ ನಿಂತಿತು. ಆದರೆ ‘ಒಳಗೆ ಬನ್ನಿ’ ಅನ್ನುವ ಹೆಸರು ಹೋಗಲಿಲ್ಲ. ಐದಕ್ಕೆ ಐದು ಗೆರೆ, ಲ್ಯಾಪ್‌ಟಾಪ್ ತಾನಾಗಿ ಹೋಗಿ ಅಂಟಿಕೊಳ್ಳುತ್ತಿತ್ತು. ಅವರು ಮೆಷೀನು ಆಫ್ ಮಾಡೋದು ಮರೆತಿರಬೇಕು ಅಂದುಕೊಂಡೆ. ಕೆಳಗೆ ಹೋಗಿ ವಾಚ್‌ಮನ್‌ಗೆ ಹೇಳಿದರೆ, ‘ಭಾಭಿ, ಉಸ್ ಘರ್ ಕಾ ಬಿಜ್ಲಿ ತೊ ಕಾಟ್ ದಿಯಾ’ ಅಂದ. ಕರೆಂಟೇ ಇಲ್ಲದ ಮನೆಯಿಂದ ಸಿಗ್ನಲ್ ಹೇಗೆ ಬರುತ್ತೆ? ಮಗಳು ಸ್ಕ್ರೀನ್ ನೋಡುತ್ತಾ, ‘ಮಮ್ಮಿ, ಅಂಕಲ್ ಈಸ್ ಸ್ಟಿಲ್ ಹಿಯರ್’ ಅಂದಳು. ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಯಜಮಾನರಿಗೆ ಬೇರೆಯೇ ಹೊಳೆಯಿತು. ಅಲ್ ಅಮೇರಾತ್‌ನಲ್ಲಿ ಕೆಲಸ ಕಳೆದುಕೊಂಡವನೊಬ್ಬ ವೀಸಾ ಮುಗಿದರೂ ಊರಿಗೆ ಹೋಗದೆ, ಹೊರಗಿಂದ ಬೀಗ ಹಾಕಿಸಿಕೊಂಡು ಎರಡು ತಿಂಗಳು ಒಳಗೇ ಕೂತಿದ್ದನಂತೆ. ‘ಇವರೂ ಹೋಗಿಲ್ಲ. ಬ್ಯಾಟರಿಯಲ್ಲೇನೋ ನಡೆಸ್ತಿದ್ದಾರೆ. ನೀನು ಬಾಗಿಲು ತಟ್ಟಬೇಡ, ಊರಿನ ನಂಬರಿಗೆ ಫೋನೂ ಮಾಡಬೇಡ. ಊರಿಗೆ ಬಂದಿಲ್ಲ ಅಂತ ಅವರ ತಂಗಿ ಹುಡುಕಿಸಿದರೆ ಎಲ್ಲರಿಗೂ ಗೊತ್ತಾಗುತ್ತೆ. ಅವರನ್ನೂ ಹಿಡೀತಾರೆ, ನಮ್ಮ ವೀಸಾನೂ ಖಲಾಸ್’ ಅಂದರು. ನನಗೂ ಹೌದೆನ್ನಿಸಿತು. ನಮ್ಮ ಅನ್ನ ಉಳಿಸಿಕೊಟ್ಟ ಮನುಷ್ಯ ಐದು ಹೆಜ್ಜೆ ದೂರದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾರೆ ಅಂತ ಪೂರ್ತಿ ನಂಬಿದೆ.

ಮಧ್ಯಾಹ್ನ ಎಲ್ಲರ ಮನೆ ಬಾಗಿಲೂ ಮುಚ್ಚಿರುವ ಹೊತ್ತಿಗೆ, ಅದೇ ಸ್ಟೀಲ್ ಡಬ್ಬಿಯಲ್ಲಿ ಚಪಾತಿ ಪಲ್ಯ ತುಂಬಿ ಆ ಬಾಗಿಲ ಮುಂದೆ ಇಟ್ಟು ಬರತೊಡಗಿದೆ. ಸಂಜೆ ನೋಡಿದರೆ ಡಬ್ಬಿ ತೊಳೆದು ಅಲ್ಲೇ ಇಟ್ಟಿರುತ್ತಿತ್ತು. ಆದರೆ ಖಾಲಿ. ಒಂದು ಕಾಳು ಸಕ್ಕರೆ ಇಲ್ಲ. ಅಯ್ಯೋ ದೇವರೇ, ಸಕ್ಕರೆಗೂ ಗತಿಯಿಲ್ಲದ ಹಾಗಾಯಿತಲ್ಲ ಇವರಿಗೆ ಅಂತ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಒಂದು ದಿನ ತಡೆಯಲಾರದೆ ಬಾಗಿಲಿಗೆ ಕಿವಿ ಇಟ್ಟೆ. ಕಾರಿಡಾರಿನಲ್ಲಿ ಎಸಿಗಳ ಗುಂಯ್ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ ಒಳಗೆ ಯಾರೋ ಕುರ್ಚಿ ಎಳೆದರು. ಒಂದೇ ಸಲ, ನಿಧಾನಕ್ಕೆ... ‘ಇದ್ದೀರಾ?’ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಹೆದರಿ ಮನೆಯೊಳಗೆ ಓಡಿಬಂದೆ.

ಹೀಗೇ ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಪೇಂಟಿನವರು ಬಂದು ವಾಚ್‌ಮನ್ ಕೈಯಲ್ಲಿ ಆ ಬಾಗಿಲು ತೆಗೆಸಿದರು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ನೆಲದ ತುಂಬಾ ಧೂಳು, ಒಂದು ಹೆಜ್ಜೆ ಗುರುತಿಲ್ಲ. ಮೂಲೆಯಲ್ಲಿ ದೀಪ ಆರಿದ ವೈಫೈ ಮೆಷೀನು. ಕುರ್ಚಿ? ಒಂದೂ ಇರಲಿಲ್ಲ. ಆ ಶುಕ್ರವಾರವೇ ಅವರ ಬ್ಯಾಗನ್ನು ಟ್ಯಾಕ್ಸಿಗೆ ತಾನೇ ಇಟ್ಟದ್ದು ಅಂತ ವಾಚ್‌ಮನ್ ಹೇಳಿದ. ಹಾಗಾದರೆ ಡಬ್ಬಿ? ಅವನು ತಲೆ ತಗ್ಗಿಸಿದ. ‘ಮೈನೆ ಖಾಯಾ ಭಾಭಿ. ಸಮ್ಝಾ ಮೇರೆ ಲಿಯೆ ರಖ್ತೇ ಹೋ.’ ನಾನು ಅವನಿಗೇ ಇಡುತ್ತಿದ್ದೇನೆ ಅಂದುಕೊಂಡು ತಿಂದಿದ್ದನಂತೆ. ನಾನು ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ. ಐದಕ್ಕೆ ಐದು ಗೆರೆ ಆಗಲೂ ಇತ್ತು!

ಅದನ್ನು ಮಗುಚಿ, ಚೀಟಿಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ. ನಾನು ಯಾರೆಂದು ಹೇಳಿದೆ. ‘ಅಣ್ಣ ಹೋಗಿ ಇವತ್ತಿಗೆ ಎಂಟು ದಿನ ಆಯ್ತು ಅಕ್ಕ’ ಅಂದರು. ಬಂದವರನ್ನು ನೇರ ಆಸ್ಪತ್ರೆಗೇ ಸೇರಿಸಿದ್ದಂತೆ, ಹೊಟ್ಟೆಯಲ್ಲಿ ಗಡ್ಡೆ. ‘ದಿನಾ ಕೇಳ್ತಿದ್ದ, ಮಸ್ಕತ್‌ನ ಅಕ್ಕ ಫೋನ್ ಮಾಡಿದ್ರಾ ಅಂತ. ನಾನೇ ಮಾಡ್ತೇನೆ ಅಂದ್ರೆ, ಬೇಡ, ಸುಮ್ಮನೆ ಗಾಬರಿ ಆಗ್ತಾರೆ, ಅವರ ಅಡಿಗೆ ಕೋಣೆಯಲ್ಲಿ ಒಂದು ಡಬ್ಬಿ ಇಟ್ಟು ಬಂದಿದ್ದೇನೆ, ನೆಟ್ ಹೋದ ದಿನ ಅವರೇ ಫೋನ್ ಮಾಡಿಯೇ ಮಾಡ್ತಾರೆ ಅಂತಿದ್ದ.’

ಸ್ಟೂಲ್ ಹಾಕಿ ಹತ್ತಿದೆ. ಮೇಲಿನ ಕಪಾಟಿನ ಹಿಂದೆ, ಎಕ್ಸಾಸ್ಟ್ ಫ್ಯಾನಿನ ಪಕ್ಕದ ಪ್ಲಗ್ಗಿನಲ್ಲಿ, ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಬಿಳೀ ಡಬ್ಬಿ. ಸಿಗ್ನಲ್ಲನ್ನು ಹಿಡಿದು ದೊಡ್ಡದು ಮಾಡಿ ಕೊಡುವಂಥದ್ದು. ಅವರ ಮನೆ ಕತ್ತಲಾದರೂ ಅವರಿಟ್ಟ ಹೆಸರನ್ನು ನಮ್ಮ ಕರೆಂಟಿನಲ್ಲಿ ಕೂಗುತ್ತಲೇ ಇತ್ತು. ಮೇಲೊಂದು ಚೀಟಿ: ‘ಇದನ್ನು ತೆಗೆಯಬೇಡಿ ಅಕ್ಕ.’ ಎದುರು ಮನೆಯಲ್ಲಿದ್ದಾರೆ ಅಂತ ನಂಬಿ, ಆಸ್ಪತ್ರೆಯಲ್ಲಿ ಕಾಯುತ್ತಿದ್ದವರಿಗೆ ನಾನು ಫೋನ್ ಮಾಡಲಿಲ್ಲ. ಎಂಥಾ ಕೆಲಸ ಮಾಡಿಬಿಟ್ಟೆ ನಾನು!

ಆ ಬಿಳೀ ಡಬ್ಬಿಯೂ ಈಗ ಇದೇ ಬ್ಯಾಗಿನಲ್ಲಿತ್ತು. ಪ್ಲಗ್ಗಿಗೆ ಹಾಕಿದೆ, ಲ್ಯಾಪ್‌ಟಾಪನ್ನೂ ಚಾರ್ಜಿಗಿಟ್ಟೆ. ಕಣ್ಣು ಬಿಡುವುದಕ್ಕೆ ಅದು ಮೊದಲಿನಷ್ಟೇ ಹೊತ್ತು ತಗೊಂಡಿತು. ನೆರೆಹೊರೆಯವರ ವೈಫೈಗಳ ನಡುವೆ, ಎಲ್ಲಕ್ಕಿಂತ ಮೇಲೆ, ‘ಒಳಗೆ ಬನ್ನಿ’. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಬೇಕಾ? ಬೇಡ್ವಾ? ಖಂಡಿತ ಬೇಡ್ವಾ? ನಾನು ಏಳಲಿಲ್ಲ, ಗಾಡಿ ಮುಂದೆ ಹೋಯಿತು. ಕುರ್ಚಿ ಎಳೆದ ಆ ಸದ್ದು ಏನಾಗಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ...

ಚೀಟಿಯ ನಂಬರಿಗೆ ಮತ್ತೆ ಫೋನ್ ಮಾಡಿದೆ. ಇಷ್ಟು ವರ್ಷದ ಮೇಲೂ ಅದೇ ತಂಗಿ ಎತ್ತಿದರು, ನನ್ನ ದನಿಯೂ ಅವರಿಗೆ ಗುರುತು ಸಿಕ್ಕಿತು. ಎಂತ ವಿಷಯ ಅಕ್ಕ ಅಂತ ಕೇಳಿದರು. ಯೋಚಿಸದೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: ‘ನೆಟ್ ಹೋಗಿದೆ. ಏನು ಮಾಡಲಿ ಅಂತ ಅವರನ್ನ ಕೇಳೋಣ ಅಂತ.’

ಅವರು ಮೆಲ್ಲಗೆ, ‘ತಡ ಆಯ್ತಲ್ಲ ಅಕ್ಕ’ ಅಂದರು.

ಹೌದು, ತಡ ಆಯ್ತು ಅಂದೆ.