ಕಡಬದ ಬಸ್ಸಿನಲ್ಲಿ ಕೈಬಿಟ್ಟ ಬ್ಯಾಗು

ಒಬ್ಬಳೇ ಊಟಿಗೆ ಹೋಗಿ ಬರುತ್ತೇನೆ ಎಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಯಾರೊಟ್ಟಿಗೆ?"

"ಒಬ್ಬಳೇ ಅಂದ್ರೆ ಯಾರೊಟ್ಟಿಗೂ ಅಲ್ಲ."

"ಅದು ಗೊತ್ತಾಯ್ತು. ಯಾರೊಟ್ಟಿಗೆ ಅಂತ ಕೇಳಿದ್ದು."

ಹೈಸ್ಕೂಲಿನಿಂದ ಕಾಲೇಜು ಮುಗಿಯುವ ತನಕ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಮಾತಾಡಿದವಳು ನಾನು. ಈಗ ಪುತ್ತೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ, ಕೋಡಿಂಬಾಳದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಎದುರಾಳಿ ಎಷ್ಟೇ ಗಟ್ಟಿಯಿದ್ದರೂ ವಾದದಲ್ಲಿ ಎಲ್ಲೋ ಒಂದು ಬಿರುಕು ಇದ್ದೇ ಇರುತ್ತದೆ. ಅಮ್ಮನದ್ದರಲ್ಲಿ ಮಾತ್ರ ಸಿಗುವುದಿಲ್ಲ. ವಾದವೇ ಇಲ್ಲದಲ್ಲಿ ಬಿರುಕು ಎಲ್ಲಿಂದ ಬರಬೇಕು?

ಈ ವಯಸ್ಸಿನಲ್ಲಿ ಒಪ್ಪಿಗೆ ಕೇಳುವುದೇಕೆ ಎಂದು ಗೆಳತಿಯರು ನಗುತ್ತಾರೆ. ಕಾನೂನಿನ ಪ್ರಕಾರ ಬೇಕಿಲ್ಲ, ನಿಜ. ಆದರೆ ಅಮ್ಮ ಮುಖ ಊದಿಸಿಕೊಂಡು ಕೂತ ಮನೆಯಿಂದ ಹೊರಟರೆ ಯಾವ ಸರೋವರವೂ ಚಂದ ಕಾಣುವುದಿಲ್ಲ. ಮೂರು ದಿನ ವಾದಿಸಿ ಕೊನೆಗೆ ನನ್ನ ಬಲವಾದ ಅಂಶ ಇಟ್ಟೆ.

"ನೋಡು, ಜನರನ್ನು ನಂಬುವವರು ಮೋಸ ಹೋಗುದು. ನಾನು ಯಾರನ್ನು ನಂಬಿದ್ದೇನೆ? ಜಾತಕ ನಂಬ್ಲಿಲ್ಲ. ವಾಟ್ಸಾಪಿನ ಮದ್ದು ನಂಬ್ಲಿಲ್ಲ. ಚಿಕ್ಕಮ್ಮ ತಂದ ಸಂಬಂಧದಲ್ಲಿ ಒಂದನ್ನಾದ್ರೂ ನಂಬಿದ್ದೇನಾ? ನನ್ನಷ್ಟು ಸೇಫಾಗಿ ಒಬ್ಬಳೇ ಹೋಗಿ ಬರುವವಳು ಈ ತಾಲೂಕಿನಲ್ಲೇ ಇಲ್ಲ."

ಅಮ್ಮ ನನ್ನ ಮುಖ ನೋಡಿ ಹೇಳಿದಳು, "ಹೋಗಿ ಬಾ. ಎಂತ ಸಾಮಾನೂ ಕಳೆಯದೆ ಬಂದ್ರೆ ಆ ಹಿಮಾಲಯದ್ದು ಆಮೇಲೆ ನೋಡುವ."

ಆ ಹಿಮಾಲಯದ್ದು ಎಂದರೆ ನನ್ನ ಎರಡು ವರ್ಷದ ಆಸೆ. ಮುಂದಿನ ಬೇಸಗೆ ರಜೆಯಲ್ಲಿ, ಬಸ್ಸಿನಿಂದ ಬಸ್ಸಿಗೆ ಹತ್ತುತ್ತಾ, ಹಿಮಾಚಲದ ಬೆಟ್ಟಗಳ ನಡುವಿನ ಸರೋವರಗಳವರೆಗೆ ಹೋಗುವುದು. ಊಟಿ ಅದಕ್ಕೆ ಪ್ರವೇಶ ಪರೀಕ್ಷೆ.

ಪುತ್ತೂರಿನಲ್ಲಿ ಸರಕಾರಿ ಬಸ್ಸು ಹತ್ತಿದೆ. ಸುಳ್ಯ ದಾಟಿ ಸಂಪಾಜೆಯ ಘಾಟಿ ಶುರುವಾದಾಗ ಪಕ್ಕದ ಸೀಟಿನವರು ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸತೊಡಗಿದರು. ನಾನು ಬ್ಯಾಗಿನ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಮುಂದಿನ ನಾಲ್ಕು ದಿನ ಆ ಸುತ್ತು ಬಿಚ್ಚಿದ್ದು ಸ್ನಾನಕ್ಕೆ ಮಾತ್ರ. ಮಡಿಕೇರಿಯ ಹೋಟೆಲಿನಲ್ಲಿ ಅದನ್ನು ಕಾಲಿನ ನಡುವೆ ಇಟ್ಟುಕೊಂಡು ಕಡುಬು ತಿಂದೆ. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ "ಒಂದು ನಿಮಿಷ ನನ್ನ ಸೂಟ್‌ಕೇಸ್ ನೋಡ್ಕೋತೀರಾ" ಎಂದ ಅಜ್ಜಿಯನ್ನೂ ಸಂಶಯದಿಂದ ನೋಡಿದೆ. ಪಾಪ, ಅವರಿಗೆ ಶೌಚಾಲಯಕ್ಕೆ ಹೋಗಬೇಕಿತ್ತು.

ನೋಡಿದ ಜಾಗಗಳ ಬಗ್ಗೆಯೂ ಸತ್ಯವನ್ನೇ ಹೇಳಬೇಕು. ವ್ಯೂ ಪಾಯಿಂಟ್ ಎಂದು ಬೋರ್ಡು ಹಾಕಿದಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಪ್ರವಾಸಿಗರ ಬೆನ್ನು. ದೊಡ್ಡಬೆಟ್ಟದ ತುದಿಯಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಎಲ್ಲರೂ ಆ ಮಂಜಿನ ಫೋಟೋ ತೆಗೆದು ಊರಿಗೆ ಕಳಿಸುತ್ತಿದ್ದರು, ನಾನೂ ಕಳಿಸಿದೆ. ಆದರೆ ಊಟಿಗೆ ಏರುವ ಬಸ್ಸಿನಲ್ಲಿ ಒಂದು ತಿರುವಿನ ಹತ್ತಿರ, ಬೋರ್ಡು ಗೀರ್ಡು ಏನೂ ಇಲ್ಲದ ಕಡೆ, ಮರಗಳ ಸಂದಿಯಿಂದ ಕೆಳಗೆ ಒಂದು ನೀರು ಕಂಡಿತು. ಬೂದು ಬಣ್ಣದ, ಅಲುಗದ ನೀರು. ಹೆಸರು ಕೇಳಬೇಕು ಎನ್ನುವಷ್ಟರಲ್ಲಿ ಹೋಯಿತು. ಅದರ ಬಗ್ಗೆ ನನ್ನಲ್ಲಿ ವಿರೋಧ ಪಕ್ಷದ ಮಾತು ಯಾವುದೂ ಇಲ್ಲ.

ಊಟಿಯ ಕೆರೆಯಲ್ಲಿ ಪೆಡಲ್ ಬೋಟಿಗೆ ಇಬ್ಬರು ಬೇಕು. "ಒಬ್ಬರೇನಾ?" ಎಂದು ಬೋಟಿನವನು ತಮಿಳಿನಲ್ಲಿ ಎರಡು ಸಲ ಕೇಳಿದ. ಎರಡನೇ ಸೀಟಿನಲ್ಲಿ ಬ್ಯಾಗು ಕೂತಿತು. ಅವನು ಬಹಳ ಗಂಭೀರವಾಗಿ ಅದಕ್ಕೂ ಒಂದು ಲೈಫ್ ಜಾಕೆಟ್ ತೊಡಿಸಿದ.

ವಾಪಸು ಬರುವಾಗ ಪುತ್ತೂರಿನಲ್ಲಿ ಇಳಿದಾಗ ಸಂಜೆ ನಾಲ್ಕೂವರೆ, ಕಾಲೇಜು ಬಿಡುವ ಹೊತ್ತು. ಸವಣೂರಿನ ಮೇಲೆ ಹೋಗುವ ಕಡಬದ ಬಸ್ಸು ತುಂಬಿ ಬಾಗಿಲಿಗೆ ಬಂದಿತ್ತು. ಹೇಗೋ ಒಳಗೆ ತೂರಿದೆ. ಎರಡೂ ಕೈ ಕಂಬಿಗೆ ಬೇಕೆಂದು ಮೊಬೈಲನ್ನು ಬ್ಯಾಗಿನ ಹೊರಗಿನ ಜೇಬಿಗೆ ತುರುಕಿದೆ. ಅಷ್ಟರಲ್ಲಿ ಎಡಗಡೆ ಸೀಟಿನಿಂದ ಒಂದು ಕೈ ಚಾಚಿತು. ಬುರ್ಖಾ ಹಾಕಿದ, ಅಮ್ಮನ ವಯಸ್ಸಿನ ಬ್ಯಾರಿ ಹೆಂಗಸು. ಅವರ ಮಡಿಲಲ್ಲಿ ಆಗಲೇ ಯಾರದ್ದೋ ಎರಡು ಶಾಲಾ ಬ್ಯಾಗು. ಕಾಲಡಿಯಲ್ಲಿ ಅವರದೇ ಸಂತೆಯ ಎರಡು ಕೈಚೀಲ.

ನಮ್ಮ ಕಡೆಯ ಬಸ್ಸಿನಲ್ಲಿ ಕೂತವರು ನಿಂತವರ ಚೀಲ ಇಟ್ಟುಕೊಳ್ಳುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಅವರು ಕೈ ಚಾಚುತ್ತಾರೆ, ನಾವು ಕೊಡುತ್ತೇವೆ. ಮುಂಗೈಯ ಎರಡು ಸುತ್ತು ಬಿಚ್ಚಿ ನಾನೂ ಕೊಟ್ಟೆ. ಕೊಟ್ಟೆ ಎಂಬುದು ಗಮನಕ್ಕೇ ಬರಲಿಲ್ಲ.

ಮುಂದಿನ ಎರಡು ಸ್ಟಾಪಿನಲ್ಲಿ ಹತ್ತಿದ ಜನ ನನ್ನನ್ನು ತಳ್ಳಿ ತಳ್ಳಿ ಹಿಂದಿನ ಸೀಟಿಗೆ ಮುಟ್ಟಿಸಿದರು. ಆಗ ಮುಂದೆ ಎಲ್ಲೋ ನನ್ನ ಮೊಬೈಲು ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. ಅಮ್ಮನಲ್ಲದೆ ಬೇರೆ ಯಾರೂ ಹಾಗೆ ಬೆನ್ನುಬೆನ್ನಿಗೆ ಮಾಡುವುದಿಲ್ಲ. ಮೂರನೇ ಸಲ ಬ್ಯಾಗು ಇಟ್ಟುಕೊಂಡ ಹೆಂಗಸಿನ ಸ್ವರ ಕೇಳಿಸಿತು. ಅವರು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಲೋ. ಅಲ್ಲ ಅಕ್ಕ, ನಾನು ಮಗಳಲ್ಲ."

ನಾನು ತುದಿಗಾಲಲ್ಲಿ ನಿಂತು ಮುಂದೆ ಇಣುಕಿದೆ.

"ಇದ್ದಾಳೆ, ಇದ್ದಾಳೆ. ಹಿಂದೆ ನಿಂತಿದ್ದಾಳೆ. ಬ್ಯಾಗ್ ನನ್ನ ಹತ್ರ ಉಂಟು, ಹೆದರ್ಬೇಡಿ. ಅಮ್ಮ ಅಂತ ಬಂತು, ತೆಗೀದಿದ್ರೆ ನಿಮಗೆ ಗಾಬರಿ ಆಗ್ತದಲ್ಲ... ಯಾರು, ನಾನಾ? ಇಲ್ಲ ಇಲ್ಲ, ನನಗೂ ಅವಳು ಯಾರು ಅಂತ ಗೊತ್ತಿಲ್ಲ."

ಹಿಮಾಲಯ ಅಲ್ಲಿಗೆ ಮುಗಿಯಿತು. ಕೈ ಎತ್ತಿ ಏನಾದರೂ ಸನ್ನೆ ಮಾಡೋಣವೆಂದರೆ ಕೈ ಯಾರದ್ದೋ ಕೊಡೆಗೂ ಕಿಟಕಿಗೂ ನಡುವೆ ಸಿಕ್ಕಿತ್ತು.

"ಊಟಿಗಾ? ಒಬ್ಬಳೇ?" ಎಂದಿತು ಸ್ವರ. ಬಸ್ಸಿಡೀ ತಿರುಗಿ ನೋಡಿತು. "ನೋಡ್ಲಿಕ್ಕೆ ಸಪುರ ಉಂಟು ಅಕ್ಕ. ಊಟ ಮಾಡುದಿಲ್ವಾ?... ಹೌದಾ. ನಮ್ಮಲ್ಲಿಯೂ ಒಬ್ಬಳು ಹೀಗೇ. ಬಾಯಿ ಮಾತ್ರ."

ಸವಣೂರಿನಲ್ಲಿ ಅವರು ಇಳಿದರು. ಕಿಟಕಿಯಿಂದ ನೋಡಿದರೆ ಕೈಯಲ್ಲಿ ಸಂತೆಯ ಎರಡು ಚೀಲ ಮಾತ್ರ. ನನ್ನ ಬ್ಯಾಗು ಇರಲಿಲ್ಲ. ಮುಂದೆ ಬಗ್ಗಿ ನೋಡಿದರೆ ಆ ಸೀಟಿನಲ್ಲಿ ಬೇರೆ ಯಾರೋ. ಬ್ಯಾಗು ಕಾಣಿಸಲಿಲ್ಲ.

"ನನ್ನ ನೀಲಿ ಬ್ಯಾಗ್ ಆ ಹೆಂಗಸಿನ ಹತ್ರ ಇತ್ತು," ಎಂದೆ ಕಂಡಕ್ಟರಿಗೆ.

"ಅವರು ಇಳಿದ್ರು. ಬ್ಯಾಗ್ ಯಾಕೆ ಇಳೀತದೆ ಮಾರಾಯ್ರೆ," ಎಂದ ಅವನು, ಟಿಕೆಟ್ ಮೆಷಿನಿನಿಂದ ತಲೆ ಎತ್ತದೆ. "ಯಾರಿಗಾದ್ರೂ ಕೊಟ್ಟಿರ್ತಾರೆ. ಆ ನೀಲಿ ಬ್ಯಾಗ್ ಯಾರ ಹತ್ರ ಉಂಟು?"

ಮುಂದಿನಿಂದ ಬಿಳಿ ಅಂಗಿಯ ಒಬ್ಬ ಅಜ್ಜ ಕೈ ಎತ್ತಿದರು. ಇನ್ನೊಂದು ಕೈಯಲ್ಲಿ ನನ್ನ ಮೊಬೈಲು, ಕಿವಿಗೆ ಒತ್ತಿಕೊಂಡೇ. ಇಳಿದುಹೋದವರು ಬ್ಯಾಗಿನ ಜೊತೆ ಅಮ್ಮನನ್ನೂ ದಾಟಿಸಿ ಹೋಗಿದ್ದರು.

"ಹ್ಞಾಂ, ಕೇಳಿದ್ರಾ? ಅದು ಅವಳೇ," ಎನ್ನುತ್ತಿದ್ದರು ಅಜ್ಜ. ಆಮೇಲೆ ಶಾಂತಿಮೊಗರಿನ ಸೇತುವೆ ಬಂದದ್ದು, ಕುಮಾರಧಾರೆಯಲ್ಲಿ ನೀರು ಎಷ್ಟಿದೆ ಎಂಬುದು, ಆಲಂಕಾರಿನಲ್ಲಿ ಎಷ್ಟು ಜನ ಇಳಿದರು ಎಂಬುದು ಎಲ್ಲ ಅಮ್ಮನಿಗೆ ವರದಿಯಾಯಿತು. ನಾಲ್ಕು ದಿನ ನಾನು ಕಳಿಸಿದ ಸಂದೇಶಗಳಲ್ಲಿ ಅದರ ಅರ್ಧದಷ್ಟೂ ವಿವರ ಇರಲಿಲ್ಲ.

ಕಡಬದಲ್ಲಿ ಬಸ್ಸು ಖಾಲಿಯಾದಾಗ ಅಜ್ಜ ಬ್ಯಾಗನ್ನು ನನ್ನ ಹೆಗಲಿಗೇ ಏರಿಸಿದರು. "ತಕೊ ಮಗಾ. ಅಮ್ಮ ಲೈನಿನಲ್ಲೇ ಇದ್ದಾರೆ."

"ಮನೆಗೆ ಬಾ," ಎಂದು ಅಮ್ಮ ಫೋನಿಟ್ಟಳು.

ಕೋಡಿಂಬಾಳದವರೆಗೆ ಆಟೋದಲ್ಲಿ ನನ್ನ ಪಕ್ಷವನ್ನು ಸಿದ್ಧ ಮಾಡಿಕೊಂಡೆ. ಒಂದು, ಸಾಮಾನು ಕಳೆದಿಲ್ಲ. ಎರಡು, ಕಳೆಯುವ ಸಾಧ್ಯತೆ ಬೇರೆ, ಕಳೆಯುವುದು ಬೇರೆ. ಮೂರನೆಯದು ಹೊಳೆಯುವ ಮೊದಲೇ ಮನೆ ಬಂತು.

ಅಮ್ಮ ಚಾ ಇಟ್ಟು ಎದುರು ಕೂತಳು. ಬಯ್ಯಲಿಲ್ಲ.

"ಹಿಮಾಲಯಕ್ಕೆ ಹೋಗು," ಎಂದಳು.

ನಾನು ಲೋಟ ಕೆಳಗಿಟ್ಟೆ.

"ನೀನು ಯಾರನ್ನೂ ನಂಬುದಿಲ್ಲ ಅಂದಿಯಲ್ಲ, ಅದು ಕೇಳಿಯೇ ನನಗೆ ಹೆದರಿಕೆ ಆದದ್ದು. ದೂರದ ಊರಲ್ಲಿ ಜ್ವರ ಗಿರ ಬಂದ್ರೂ ಯಾರ ಹತ್ರವೂ ಬಾಯಿ ಬಿಡದೆ ಕೂತ್ಕೊಳ್ತಿ ಅಂತ. ಇವತ್ತು ಗೊತ್ತಾಯ್ತು, ಅದೆಲ್ಲ ಬರೀ ಬಾಯಲ್ಲಿ. ಕೈ ಚಾಚಿದವರಿಗೆ ಬ್ಯಾಗ್ ಕೊಡ್ತಿ. ಹಾಗಾದ್ರೆ ತೊಂದರೆ ಇಲ್ಲ."

ಎರಡು ವರ್ಷದ ಆಸೆ ಕೈಗೆ ಸಿಕ್ಕಿತ್ತು. ಆದರೆ ತರ್ಕ ತಪ್ಪಿತ್ತು. ತಪ್ಪಿದ ತರ್ಕ ಕಣ್ಣೆದುರು ಇರುವಾಗ ಸುಮ್ಮನೆ ಚಾ ಕುಡಿಯುವುದು ನನಗೆ ಯಾರೂ ಕಲಿಸಿಲ್ಲ.

"ಅಮ್ಮ, ಅದು ಹಾಗೆ ಬರುದಿಲ್ಲ. ಕೊಟ್ಟದ್ದು ನಂಬಿಕೆಯಿಂದ ಅಲ್ಲ, ಅಭ್ಯಾಸದಿಂದ. ಇಲ್ಲಿ ಆ ಅಭ್ಯಾಸ ಎಲ್ಲರಿಗೂ ಉಂಟು, ಹಾಗಾಗಿ ಬ್ಯಾಗ್ ಬಂತು. ಅಲ್ಲಿಯ ಬಸ್ಸಿನಲ್ಲಿ ಹೀಗೇ ಕೈಬಿಟ್ರೆ? ಸರಿಯಾಗಿ ನೋಡಿದ್ರೆ ಇವತ್ತಿನದ್ದು ನನ್ನನ್ನು ಕಳಿಸ್ಬಾರ್ದು ಅನ್ನುದಕ್ಕೇ ಸಾಕ್ಷಿ."

ಅಮ್ಮ ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಅದೇ ಭಯ.

"ನೀನು ಹೇಳುದು ಸರಿ ಉಂಟು ಅಂತ ಕಾಣ್ತದೆ. ಹಾಗಾದ್ರೆ ಬೇಡವಾ?"

ಅಮ್ಮನ ಎದುರು ಅದು ನನ್ನ ಮೊದಲ ಗೆಲುವು. ಮುಗಿಸಲು ಒಂದೇ ವಾಕ್ಯ ಬಾಕಿಯಿತ್ತು, ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಚಾದ ಜೊತೆ ನುಂಗಿ, ಒಗೆಯುವ ಬಟ್ಟೆ ತೆಗೆಯಬೇಕೆಂದು ಹೇಳಿ ಎದ್ದೆ.

ಕೋಣೆಯ ಬಾಗಿಲು ದಾಟುವಾಗ ಅಮ್ಮ ಹಿಂದಿನಿಂದ ಕೇಳಿದಳು, "ಅಲ್ಲಿ ಚಳಿಗೆ ಎಂತ ಹಾಕ್ತಾರೆ?"