ಹಕ್ಕಿ ಕಚ್ಚಿದ ಮಣೆ

ಮೊನ್ನೆ ಬಾಗಿಲು ರಿಪೇರಿಗೆ ಬಂದ ಆಚಾರ್ರು ಅಡುಗೆಮನೆಯಲ್ಲಿದ್ದ ನನ್ನ ಊಟದ ಮಣೆ ಎತ್ತಿ ತಿರುಗಿಸಿ ನೋಡಿದರು. ಅದರ ಒಂದು ಮೂಲೆಯೇ ಇಲ್ಲ. "ಅಮ್ಮಾ, ಇಲಿ ತಿಂದದೆ. ಹ್ಯಾಗೂ ಕೀಸುಳಿ ತಂದಿದೀನಿ, ಸಮ ಮಾಡಿ ಕೊಡ್ಲಾ?" ಅಂದರು.

"ಇಲಿಯಲ್ಲ ಆಚಾರ್ರೇ, ಮಕಾವ್. ನೀವು ಬಾಗಿಲು ನೋಡಿ," ಅಂದೆ.

ಮಕಾವ್ ಅಂದರೆ ದೊಡ್ಡ ಜಾತಿಯ ಗಿಳಿ. ಗಿಳಿ ಅಂದ ಕೂಡಲೇ ಪೇರಲೆ ಮರದ ಹಸಿರು ಗಿಳಿ ನಿಮ್ಮ ಕಣ್ಣ ಮುಂದೆ ಬಂದಿದ್ದರೆ ಅದನ್ನು ಓಡಿಸಿಬಿಡಿ. ನಮ್ಮದು ಕೊಕ್ಕಿನಿಂದ ಬಾಲದ ತುದಿಯವರೆಗೆ ನನ್ನ ತೋಳಿನಷ್ಟು ಉದ್ದ. ಬೆನ್ನು ನೀಲಿ, ಎದೆ ಅರಿಸಿನ, ಕೆನ್ನೆ ಮಾತ್ರ ಬೋಳು, ಸುಣ್ಣ ಬಳಿದ ಹಾಗೆ. ಚಂದವೇನೋ ಹೌದು. ಆದರೆ ಚಂದ ನೋಡಿ ತಂದುಕೊಳ್ಳುವ ಪ್ರಾಣಿ ಅಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೂಗುತ್ತದೆ. ಆ ಹೊತ್ತಿಗೆ ಫೋನಿನಲ್ಲಿ ಯಾರಾದರೂ ಸತ್ತ ಸುದ್ದಿ ಹೇಳಿದರೂ ಕೇಳುವುದಿಲ್ಲ. ಕಿಟಕಿ, ಕುರ್ಚಿ, ಅಂಗಿಯ ಗುಂಡಿ, ಕೊಕ್ಕಿಗೆ ಸಿಕ್ಕಿದ್ದೆಲ್ಲ ಪುಡಿ. ಆಯಸ್ಸೂ ಹೆಚ್ಚುಕಮ್ಮಿ ಮನುಷ್ಯರದ್ದೇ. ಮುದುಕರು ಸಾಕಿದರೆ ಮುದುಕರೇ ಮೊದಲು ಹೋಗುತ್ತಾರೆ. ನಮ್ಮ ನಂತರ ಅದು ನಿನ್ನದು ಎಂದು ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ. ಅವಳು ಇನ್ನೂ ಹೂಂ ಅಂದಿಲ್ಲ.

ತಂದವರು ನಮ್ಮ ಯಜಮಾನರು. ಜೋಗದ ಪವರ್ ಹೌಸಿನಲ್ಲಿ ಸ್ವಿಚ್ಚು ಹಾಕಿ ತೆಗೆದೇ ಮುದುಕರಾದವರು. ಜೊತೆ ಕೆಲಸದವರೊಬ್ಬರಿಗೆ ವರ್ಗವಾಯಿತು, ಅಲ್ಲಿನ ಬಾಡಿಗೆ ಮನೆಯವರು ಹಕ್ಕಿ ಬೇಡ ಅಂದರಂತೆ. ಇವರು ಪಂಜರ ಸಮೇತ ಹೊತ್ತುಕೊಂಡು ಬಂದರು.

"ನನ್ನ ಕೈ ಮೇಲೆ ಕೂತು ಮಾತಾಡ್ತದೆ, ನೋಡ್ತಿರು," ಅಂದರು.

"ನಾನು ಇಷ್ಟು ವರ್ಷದಿಂದ ಮಾತಾಡ್ತಿದೀನಲ್ಲ, ಅದನ್ನ ಕೇಳಿದ್ರಾ?" ಅಂದೆ.

ಅದು ಕೈ ಮೇಲೆ ಕೂರಲಿಲ್ಲ, ಕೈ ಕಚ್ಚಿತು. ಇವರು ಬಟ್ಟಲು ತುಂಬಿಸಿ, ಎದುರಿಗೆ ಸೊಂಟಕ್ಕೆ ಕೈ ಕೊಟ್ಟು ನಿಂತು "ತಿನ್ನು" ಅನ್ನುವುದು. ಅದು ಕಣ್ಣಿನ ಕಪ್ಪನ್ನು ಸಣ್ಣದು ಮಾಡಿ ದೊಡ್ಡದು ಮಾಡಿ ನೋಡಿ, ಬಟ್ಟಲನ್ನು ಬೋರಲು ಹಾಕುವುದು. ದಿನವೂ ಇದೇ.

ನಮ್ಮ ಮನೆಯಲ್ಲಿ ಗಂಡಸರದ್ದು ಊಟವಾದ ಮೇಲೆ ಹೆಂಗಸರದ್ದು. ನಮ್ಮತ್ತೆ ಹಾಗೇ ಉಂಡರು, ನಾನೂ ಹಾಗೇ ಉಂಡೆ, ಅದಕ್ಕಾಗಿ ಅತ್ತಿದ್ದೇನೂ ಇಲ್ಲ. ಇವರು ಉಂಡು ಜಗಲಿಗೆ ಹೋದ ಮೇಲೆ ನಾನು ಪಂಜರದ ಬಾಗಿಲು ತೆಗೆದು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಹಕ್ಕಿ ಇಳಿದು ಬಂದು, ಮಣೆಯ ಮೂಲೆಯಲ್ಲಿ ಒಂದು ಚೂರು ಕಡಿದು, ಬೇಯಿಸಿದ ಹಲಸಿನ ಬೇಳೆಯನ್ನು ಕಾಲಿನಲ್ಲಿ ಹಿಡಿದು, ನನ್ನ ತುತ್ತಿಗೊಂದು ತುತ್ತು ತಿನ್ನುತ್ತಿತ್ತು. ನಾನು ಮುದ್ದು ಮಾಡಿದವಳಲ್ಲ. ಅದು ಗುಂಪಿನಲ್ಲಿ ಮೇಯುವ ಜಾತಿ. ಉಣ್ಣುವವರ ಜೊತೆ ಉಣ್ಣುತ್ತದೆ, ಅಷ್ಟೆ.

ಆಮೇಲೆ ಮಗಳ ಎರಡನೇ ಬಾಣಂತನಕ್ಕೆ ನಾನು ಮೇಳಿಗೆಯ ಅವಳ ಮನೆಗೆ ಹೋದೆ. ವಾರ ಕಳೆಯುವುದರೊಳಗೆ ಇವರ ಫೋನು.

"ನಿನ್ನ ಹಕ್ಕಿ ಊಟ ಬಿಟ್ಟದೆ ಮಾರಾಯ್ತಿ. ಎದೆ ಪುಕ್ಕ ಎಲ್ಲ ಕಿತ್ಕೊಂಡು ಬೋಳಾಗಿ ಕೂತದೆ. ಸಾಗರದ ಡಾಕ್ಟ್ರು ನೋಡಿದ್ರು, ರೋಗ ಎಂತದೂ ಇಲ್ಲ, ತಿನ್ನದಿದ್ರೆ ಮಾತ್ರ ಉಳಿಯಲ್ಲ ಅಂದ್ರು. ಬಂದ್ಬಿಡೇ."

ಅಲ್ಲಿಯವರೆಗೆ ಇವರ ಬಾಯಲ್ಲಿ ಅದು "ನನ್ನ ಹಕ್ಕಿ" ಆಗಿತ್ತು. ಸಾಯುವ ಹೊತ್ತಿಗೆ ನನ್ನ ಹೆಸರಿಗೆ ಬಂತು. ಹಸಿ ಬಾಣಂತಿಯನ್ನು ಬಿಟ್ಟು ಹಕ್ಕಿಗಾಗಿ ಬಸ್ಸು ಹತ್ತುವವಳಲ್ಲ ನಾನು.

"ನನ್ನ ಮಣೆ ಹಾಕ್ಕೊಳ್ಳಿ. ಮೊದಲು ಅದಕ್ಕೆ ಹಾಕಿ, ಆಮೇಲೆ ನೀವು ಬಡಿಸ್ಕೊಂಡು ಅದರ ಪಕ್ಕ ಕೂತು ಉಣ್ಣಿ."

"ನಿನ್ನ ಮಣೆ ಮೇಲೆ? ಅದಕ್ಕೆ ಹಾಕಿದ ಮೇಲೆ ನನಗಾ?"

"ಆಗಲ್ಲ ಅಂದ್ರೆ ಗುಂಡಿ ತೋಡಿಡಿ," ಅಂದು ಫೋನಿಟ್ಟೆ.

ಮರುದಿನ ಸುದ್ದಿಯಿಲ್ಲ. ಹೇಳಿದ್ದು ಜಾಸ್ತಿಯಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಫೋನು, ಪಿಸುಮಾತಿನಲ್ಲಿ: "ಏ ಇವಳೇ, ಗಟ್ಟಿಯಾಗಿ ಮಾತಾಡ್ಬೇಡ. ತಿಂತಾ ಇದೆ. ನಾನು ನಿಲ್ಸಿದ್ರೆ ಅದೂ ನಿಲ್ಲಿಸ್ತದೆ ಕಣೆ. ನನ್ನ ಹೊಟ್ಟೆ ಬಿರೀತಿದೆ!"

ಬಾಣಂತನ ಮುಗಿಸಿ ಬಂದಾಗ ಹಕ್ಕಿಯ ಎದೆಯಲ್ಲಿ ಹೊಸ ಪುಕ್ಕ ಮುಳ್ಳಿನ ಹಾಗೆ ಮೂಡುತ್ತಿತ್ತು. ಮಧ್ಯಾಹ್ನ ಎಂದಿನಂತೆ ಇವರ ತಟ್ಟೆ ಇಟ್ಟು ಕರೆದೆ. ಬಂದವರು ಕೂರಲಿಲ್ಲ. ಅಟ್ಟದ ಮೇಲಿದ್ದ ಇನ್ನೊಂದು ಮಣೆ ತಂದು ನನ್ನ ಮಣೆಯ ಪಕ್ಕ ಹಾಕಿದರು. "ನೀನೂ ಕೂತ್ಕೋ. ಇಲ್ದಿದ್ರೆ ಅದು ತಿನ್ನಲ್ಲ," ಅಂದರು. ಮದುವೆಯಾದ ಮೇಲೆ ಈ ಮನೆಯಲ್ಲಿ ಹಬೆಯಾಡುವ ಅನ್ನ ಉಂಡಿದ್ದು ಅವತ್ತೇ ಮೊದಲು. ಹಲಸಿನ ಬೇಳೆ ಸಾರಿಗೆ ಉಪ್ಪು ಕಮ್ಮಿಯಾಗಿತ್ತು. ಇವರು ಇನ್ನೊಂದು ಸೌಟು ಬಡಿಸಿಕೊಂಡರು.

ಮೊನ್ನೆ ಆಚಾರ್ರು ಬಾಗಿಲು ಕೂರಿಸಿ ಉಳಿ ಒರೆಸುತ್ತಿದ್ದರು. ಇವರ ಮಣೆಯನ್ನೂ ನೋಡಿದರು. ಅದರದ್ದು ಎರಡು ಮೂಲೆ ಇಲ್ಲ. ಅಷ್ಟರಲ್ಲಿ ಇವರು ಪಂಜರದ ಹತ್ತಿರದಿಂದ, "ಬಾರೇ, ಹಕ್ಕಿ ಕಾಯ್ತಾ ಇದೆ," ಎಂದು ಕೂಗಿದರು.

ಆಚಾರ್ರು ಇಣುಕಿ ನೋಡಿ, "ಹಕ್ಕಿ ನಿದ್ದೆ ಮಾಡ್ತಿದೆಯಲ್ಲಮ್ಮ?" ಅಂದರು.

"ಮಾಡ್ಲಿ," ಅಂದೆ. ಸಾರು ಇಳಿಸಿ, ಎರಡೂ ಮಣೆ ಎತ್ತಿಕೊಂಡು ಹೋದೆ.